ನಡುವಿನ ಅಳತೆ

ಹತ್ತೊಂಬತ್ತು ವರ್ಷದಿಂದ ನಾನು ಹೊಲಿಯುವುದು ನಡುಪಟ್ಟಿ ಮಾತ್ರ.
ಕೌಲ್ ಬಜಾರಿನ ಓಣಿಯಲ್ಲಿ, ತಗಡಿನ ಕೆಳಗೆ,
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಕಾಲು ಹೊಲಿಯುವವರು ಬೇರೆ, ಜೇಬಿನವರು ಬೇರೆ,
ನನ್ನ ಪಾಲಿಗೆ ಬಂದದ್ದು
ಮುಖ ನೋಡದ ಹೆಣ್ಣುಮಕ್ಕಳ ನಡು.
ಉಗುರ ಸಂದಿಯ ಜೀನ್ಸಿನ ನೀಲಿ
ಹಬ್ಬದ ದಿನವೂ ಹೋಗುವುದಿಲ್ಲ.

ನನ್ನ ನಡು ಎಷ್ಟೆಂದು ಯಾರೂ ಕೇಳಿರಲಿಲ್ಲ.
ಸೀರೆಗೆ ಅಳತೆ ಬೇಡ ನೋಡಿ,
ಒಂದು ನೆರಿಗೆ ಕಮ್ಮಿ ಹಿಡಿದರೆ ಆಯಿತು.

ಮೊಣಕಾಲು ಹಿಡಿದುಕೊಂಡಾಗ ದೊಡ್ಡಾಸ್ಪತ್ರೆಗೆ ಹೋದೆ.
ಚೀಟಿಯಲ್ಲಿ ಸಕ್ಕರೆ ಇನ್ನೂರ ಅರವತ್ತು.
"ವ್ಯಾಯಾಮ ಮಾಡಬೇಕಮ್ಮ" ಅಂದರು ಡಾಕ್ಟರು.
ನಗು ಬಂತು.
ನೀರು ಬಿಟ್ಟ ರಾತ್ರಿ ಹನ್ನೆರಡು ಕೊಡ ಹೊರುವವಳಿಗೆ
ವ್ಯಾಯಾಮವಂತೆ.

ಪಕ್ಕದ ಮಷೀನಿನ ಮಾಬುನ್ನಿ ನಗಲಿಲ್ಲ.
ಇಪ್ಪತ್ತೆರಡರ ಹುಡುಗಿ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವಳು,
ಡಬ್ಬಿಯಲ್ಲಿ ಮೊಳಕೆ ಹೆಸರು, ಎರಡು ಬೇಯಿಸಿದ ಮೊಟ್ಟೆ ತರುವವಳು.
"ಎರ್ರೆಮ್ಮಕ್ಕ, ಕೊಡ ಎಣಿಸಬ್ಯಾಡ.
ನಾಳೆ ಐದಕ್ಕ ಗುಡ್ಡದ ತಳದಾಗ ಇರು.
ಚಪ್ಪಲಿ ಬ್ಯಾಡ, ಬೂಟು."
ಮಗನ ಹಳೇ ಶಾಲೆಯ ಬೂಟು ಸರಿಯಾಯಿತು.

ಬಳ್ಳಾರಿಯ ಕಲ್ಲು ರಾತ್ರಿಯಿಡೀ ಆರುವುದಿಲ್ಲ.
ಬೆಳಗಿನ ಐದಕ್ಕೂ ಅಂಗೈ ಇಟ್ಟರೆ
ಹೆಂಚು ಇಳಿಸಿ ಸ್ವಲ್ಪ ಹೊತ್ತಾದ ಹಾಗೆ.
ಸೆರಗು ಸೊಂಟಕ್ಕೆ ಬಿಗಿದು ನಿಂತೆವು
ನಾನು, ಗುಂಡಿ ಹಚ್ಚುವ ಹಂಪಮ್ಮ, ಮಾಬುನ್ನಿ.
"ನಡಿಯೋದಲ್ಲ, ಓಡೋದು.
ಮೂವತ್ತು ಎಣಿಸೋತನಕ ಜೀವ ಬಿಟ್ಟು ಓಡು,
ಅರವತ್ತು ಎಣಿಸೋತನಕ ನಿಂತು ಉಸಿರು ತಗೋ.
ಮತ್ತೆ ಓಡು."

ಮೊದಲ ದಿನ ಹನ್ನೊಂದು ಎಣಿಸುವಷ್ಟರಲ್ಲಿ
ರಾತ್ರಿಯ ಅನ್ನವೆಲ್ಲ ಮೆಟ್ಟಿಲ ಮೇಲೆ.
ವಾಕಿಂಗಿಗೆ ಬಂದ ವಕೀಲರೊಬ್ಬರು ಬದಿಗೆ ಸರಿದರು.
ಹಂಪಮ್ಮ ನಕ್ಕು ನಕ್ಕು ಕೂತಳು,
ಆಮೇಲೆ ಅವಳ ಸರದಿ.

ಮನೆಯಲ್ಲಿ ಅತ್ತೆ:
"ಹಂಗ ಓಡಾಕ ನಿನ್ನ ಯಾರು ಬೆನ್ನು ಹತ್ಯಾರ?"
ಉತ್ತರ ಇರಲಿಲ್ಲ. ರೊಟ್ಟಿ ತಟ್ಟಿದೆ.
ನನಗೆ ಎರಡೇ, ಸಜ್ಜೆಯದು.
ಅನ್ನದ ಗುಡ್ಡೆ ಇದ್ದಲ್ಲಿ ಪುಂಡಿಪಲ್ಯ,
ಹಸಿ ಉಳ್ಳಾಗಡ್ಡಿ, ಕಾಳು, ಮೊಸರು.
ಎಲ್ಲರೂ ಉಂಡ ಮೇಲೆ ಉಳಿದದ್ದನ್ನು
ಚೆಲ್ಲಬಾರದೆಂದು ತಿನ್ನುತ್ತಿದ್ದೆನಲ್ಲ,
ಈಗ ಚೆಲ್ಲುವುದಿಲ್ಲ, ತಿನ್ನುವುದೂ ಇಲ್ಲ,
ಪಾವಿನಲ್ಲಿ ಅಳೆದು ಅಕ್ಕಿ ಹಾಕುತ್ತೇನೆ.
ಮಿರ್ಚಿ ಬಿಟ್ಟೆ ಎಂದು ಸುಳ್ಳು ಹೇಳಲಾರೆ.
ಭಾನುವಾರ ಒಂದು. ಕೆಲವು ಭಾನುವಾರ ಎರಡು.

ತೊಡೆಯ ಮಾಂಸಕ್ಕೆ ಹಸಿವು ಹುಟ್ಟಿಸಿದರೆ
ರಕ್ತದ ಸಕ್ಕರೆಯನ್ನು ಅದೇ ತಿಂದುಕೊಳ್ಳುತ್ತದಂತೆ,
ಮಾಬುನ್ನಿಯ ಮಾತು.
ಇರಬಹುದು. ಚೀಟಿಯಲ್ಲಿ ಈಗ ನೂರ ನಲವತ್ತು.
ಆದರೆ ನಾನು ಓಡುವುದು ಅದಕ್ಕಲ್ಲ.

ಮೂರನೇ ತಿಂಗಳು, ಬುರುಜಿನ ಹತ್ತಿರ
ಮೊಣಕಾಲಿಗೆ ಕೈಯೂರಿ ಬಗ್ಗಿ ನಿಂತಾಗ
ಕಿವಿಯಲ್ಲಿ ಟಕಟಕಟಕ.
ಇಲ್ಲಿಗೂ ಮಷೀನು ಬಂತೇ ಅಂದುಕೊಂಡೆ.
ಸುತ್ತ ನೋಡಿದೆ. ಬಂಡೆ, ಗಾಳಿ,
ಕೆಳಗೆ ಊರಿನ ದೀಪ ಒಂದೊಂದಾಗಿ ಆರುತ್ತಿತ್ತು.
ಇಷ್ಟು ವರ್ಷ ಎದೆಯೊಳಗೇ ಓಡುತ್ತಿದ್ದದ್ದು
ಗದ್ದಲದಲ್ಲಿ ಕೇಳಿಸಿರಲಿಲ್ಲ.

ಪೊಲೀಸರ ಮೈದಾನದಲ್ಲಿ ಮಾಬುನ್ನಿ ಓಟ ಗೆದ್ದಳು.
ಎತ್ತರದಲ್ಲಿ ಒಂದು ಸೆಂಟಿಮೀಟರು ಕಮ್ಮಿ ಬಿತ್ತು.
ಮರುದಿನ ಬರಲಾರಳೆಂದು ನಾವಿಬ್ಬರೇ ಹೋದೆವು.
ಅವಳಾಗಲೇ ಒಂದು ಸಲ ಹತ್ತಿ ಇಳಿಯುತ್ತಿದ್ದಳು.
"ತಡ ಆತು ನಿಮ್ದು" ಅಂದಳು.
ಕಣ್ಣು ಕೆಂಪಗಿತ್ತು. ಎಣಿಸತೊಡಗಿದಳು.

ನಿನ್ನೆ ಕರೆಂಟು ಹೋಗಿ ಕೈ ಖಾಲಿ ಇದ್ದಾಗ
ಕೊರಳಿನ ಟೇಪು ತೆಗೆದು ನನ್ನ ನಡುವಿಗೆ ಸುತ್ತಿದೆ.
ಎಷ್ಟೆಂದು ಕೇಳಬೇಡಿ.
ಟೇಪು ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲ,
ಮತ್ತೆ ಬಿಗಿ. ಉಸಿರು
ಒಂದು ನಂಬರಿನ ಮೇಲೆ ನಿಲ್ಲಲೊಲ್ಲದು.
ಅಷ್ಟರಲ್ಲಿ ಕರೆಂಟು ಬಂತು,
"ಪಟ್ಟಿ ಕಳಸಬೇ, ಗುಂಡಿ ಕಾಯಾಕತ್ಯಾವ"
ಅಂತ ಹಂಪಮ್ಮ ಕೂಗಿದಳು.